ಹನ್ನೊಂದು ಜನ ಬರೆದ ಕೈ

ಕಿಲ್ಕೆನ್ನಿ
21 ಸೆಪ್ಟೆಂಬರ್ 2024

ಅಣ್ಣಾ,

ನಿನ್ನ ತಂಗಿ ಕಾತ್ಯಾಯಿನಿ ಐವತ್ತೊಂದನೆಯ ವಯಸ್ಸಿನಲ್ಲಿ ವಿಗ್ರಹವಾಗಿದ್ದಾಳೆ. ಉಳಿ ಕೆಳಗಿಟ್ಟು, ಕೂತು ಓದು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಕಿವಿಯನ್ನು ನಲವತ್ತು ವರ್ಷದ ಸುತ್ತಿಗೆ ಸದ್ದು ತಿಂದು ಮುಗಿಸಿದೆ. ಮೆಸೇಜು ಹಾಕಿದರೆ ನಿನ್ನ ಮಗ ತರುಣ್ ಅದನ್ನು ನಿನಗೆ ಕೂಗಿ ಹೇಳಬೇಕು. ಅವನು ಕೂಗಿದರೆ ಶಿವಾರಪಟ್ಟಣದ ಬಸ್ ನಿಲ್ದಾಣಕ್ಕೂ ಕೇಳುತ್ತದೆ. ಇದು ನಿಲ್ದಾಣಕ್ಕೆ ಹೇಳುವ ಸುದ್ದಿಯಲ್ಲ. ಅದಕ್ಕೇ ಅಂಚೆ.

ನನ್ನ ಡಬ್ಬಿ ಊಟದ ಕೆಲಸ ನಿನಗೆ ಗೊತ್ತಲ್ಲ. ನನ್ನ ಮಗಳು ತನ್ವಿ ಅಪ್ಪನನ್ನು ಕಳೆದುಕೊಂಡ ವರ್ಷ ಒಂದು ಕುಕ್ಕರು, ಆರು ಡಬ್ಬಿಯಿಂದ ಶುರುವಾದದ್ದು ಈಗ ದಿನಕ್ಕೆ ನಲವತ್ತೆರಡು ಡಬ್ಬಿ, ನೂರ ಇಪ್ಪತ್ತು ಚಪಾತಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಕಂಪ್ಯೂಟರಿನವರು, ಎಂಎಸ್ಸಿ ಓದಲು ಬಂದು ಅನ್ನಕ್ಕೆ ನೀರೆಷ್ಟು ಅಂತ ತಿಳಿಯದ ನಮ್ಮ ಹುಡುಗರು, ಎಲ್ಲರೂ ನನ್ನ ಗಿರಾಕಿಗಳು. ಅವರ ಜೊತೆಗೆ ನೂಲಾ ಎಂಬ ಇಲ್ಲಿಯ ಐರಿಷ್ ಹೆಂಗಸೊಬ್ಬಳು, ಚಿತ್ರಕಲೆಯ ಮೇಡಂ. ವಾರಕ್ಕೆ ಮೂರು ದಿನ ನನ್ನ ಸಾರು ಕುಡಿಯುತ್ತಾಳೆ. ಗುರುವಾರ ಸಂಜೆ ಲೈಬ್ರರಿಯ ಹಿಂದಿನ ಹಾಲಿನಲ್ಲಿ ಪಾಠ ಮಾಡುತ್ತಾಳೆ. ಅಲ್ಲಿ ಚಿತ್ರ ಬರೆಸಿಕೊಳ್ಳಲು ಕೂರಬೇಕಾಗಿದ್ದ ಮನುಷ್ಯನಿಗೆ ಬೆನ್ನು ಹಿಡಿದುಕೊಂಡಿತಂತೆ. ಡಬ್ಬಿ ಕೊಡಲು ಹೋದವಳನ್ನು ಬಾಗಿಲಲ್ಲೇ ನಿಲ್ಲಿಸಿ, "ಕ್ಯಾಟ್, ನೀನು ಕೂರುತ್ತೀಯಾ?" ಅಂದಳು.

"ಬಟ್ಟೆ?" ಅಂದೆ ನಾನು.

"ಇರಲಿ."

"ಪೂರ್ತಿ ಇರುತ್ತಾ?"

"ಸೆರಗಿನ ಪಿನ್ನು ಸಮೇತ," ಅಂದಳು. "ನಮಗೆ ಬೇಕಾಗಿರೋದು ಮುಖ, ಕೈ, ಪಾದ."

ಕೂತೆ. ನಮ್ಮ ಮನೆಯಲ್ಲಿ ನನಗೆ ಉಳಿ ಕೊಡಲಿಲ್ಲ, ಕಲ್ಲುಪುಡಿ ಗುಡಿಸಲು ಪೊರಕೆ ಕೊಟ್ಟಿರಿ. ಇಲ್ಲಿ ನನ್ನನ್ನೇ ಪೀಠದ ಮೇಲೆ ಕೂರಿಸಿದರು. ಹನ್ನೊಂದು ಜನ ಸುತ್ತ ಕೂತು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮುಂದೆ ಹಿಡಿದು ನನ್ನನ್ನು ಅಳೆದರು. ಇಟಲಿಯಲ್ಲಿ ಐನೂರು ವರ್ಷದ ಹಿಂದೆ ಚಿತ್ರಗಾರರು ಮನುಷ್ಯನ ದೇಹವನ್ನು ಹೇಗೆ ಬರೆದರು ಅನ್ನುವುದು ಈ ವರ್ಷದ ಪಾಠ. ಶಾಲೆಯಲ್ಲಿ ಪುನರುಜ್ಜೀವನ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಆ ಜನ ಆಸ್ಪತ್ರೆಗೆ ಹೋಗಿ ಹೆಣದ ಚರ್ಮ ಸುಲಿದು, ಒಳಗಿನ ಒಂದೊಂದು ಮಾಂಸಖಂಡ ನೋಡಿ ಬಂದು ಬರೆಯುತ್ತಿದ್ದರಂತೆ. ಕೇಳಿ, ಡಬ್ಬಿ ಕೊಡಲು ಬಂದದ್ದೇ ನನಗೆ ಮರೆತುಹೋಯಿತು.

ಆಮೇಲೆ ನೂಲಾ ದೊಡ್ಡ ಗುಟ್ಟು ಬಿಚ್ಚಿದಂತೆ ಹೇಳಿದಳು: ಹಣೆಯ ಕೂದಲಿನಿಂದ ಗದ್ದದವರೆಗೆ ಎಷ್ಟೋ, ಮಣಿಕಟ್ಟಿನಿಂದ ನಡುಬೆರಳ ತುದಿಗೆ ಅಷ್ಟೇ. "ಇದು ನಮ್ಮಪ್ಪ ನನಗೆ ಎಂಟು ವರ್ಷಕ್ಕೇ ಹೇಳಿದ್ದು. ತಾಳ ಅಂದರೆ ನಮ್ಮ ಶಿಲ್ಪಿಗಳ ಅಳತೆ. ಮುಖ ಒಂದು ತಾಳ, ಹಸ್ತ ಒಂದು ತಾಳ," ಅಂದೆ. ಹನ್ನೊಂದು ಜನವೂ ಮುಖದ ಮೇಲೆ ಕೈಯಿಟ್ಟು ಅಳೆದುಕೊಂಡರು. ಯಾರೋ ಸತ್ತ ಮನೆಯ ಹಾಗಿತ್ತು ನೋಡಲು.

ಈಗ ನಿನ್ನಿಂದ ಒಂದು ಕೆಲಸ. ನನ್ನ ಬಲಗೈ ತೊಡೆಯ ಮೇಲೆ ಬೋರಲಾಗಿತ್ತು. ಮುಖವನ್ನು ಹನ್ನೊಂದು ಜನ ಹನ್ನೊಂದು ತರ ಬರೆದಿದ್ದಾರೆ. ಒಂದರಲ್ಲಿ ನಾನು ಥೇಟ್ ನಮ್ಮ ಚನ್ನಮ್ಮತ್ತೆ. ಆದರೆ ಕೈಯನ್ನು ಮಾತ್ರ ಒಂಬತ್ತು ಜನ ಒಂದೇ ತರ ಬರೆದಿದ್ದಾರೆ. ಹೆಬ್ಬೆರಳು ತೋರುಬೆರಳ ನಡುವೆ, ಕೈಯ ಮೇಲ್ಭಾಗದಲ್ಲಿ, ಒಂದು ಹಳ್ಳ. ಬರಗಾಲದವಳ ಕೈ! ಒಬ್ಬರನ್ನೊಬ್ಬರು ನೋಡಿ ಕಾಪಿ ಹೊಡೆದಿದ್ದಾರೆ ಅಂತ ನನ್ನ ಗುಮಾನಿ. ಮೂರರ ಜೆರಾಕ್ಸ್ ಇಟ್ಟಿದ್ದೇನೆ. ತಪ್ಪೆಲ್ಲಿ ಅಂತ ಹೇಳು, ನಿನ್ನ ಉತ್ತರ ಬಂದ ಗುರುವಾರ ಬಿಡಿಸಿ ಹೇಳುತ್ತೇನೆ.

ಚಳಿ ಶುರುವಾಗಿದೆ. ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಲು ತನ್ವಿಯನ್ನು ಕರೆಯಬೇಕು, ಬೆರಳು ಅಷ್ಟು ಮರಗಟ್ಟುತ್ತವೆ. ಉಳಿದಂತೆ ಇಲ್ಲಿಯವರ ಮಾತಿನಲ್ಲಿ ಹೇಳುವುದಾದರೆ ಗ್ರ್ಯಾಂಡ್, ಅಂದರೆ ಆರಾಮ.

ನಿನ್ನ
ಕಾತ್ಯಾಯಿನಿ

*

ಶಿವಾರಪಟ್ಟಣ
16 ಅಕ್ಟೋಬರ್ 2024

ಚಿರಂಜೀವಿ ಕಾತ್ಯಾಯಿನಿಗೆ ಜಯರಾಮನ ಆಶೀರ್ವಾದ.

ಪತ್ರ ಬಂತು. ಮೂರೂ ಚಿತ್ರ ನೋಡಿದೆ. ಆ ಜನಕ್ಕೆ ಕೈ ಬರೆಯಲು ಬಾರದು. ಹೆಬ್ಬೆರಳಿನ ಬುಡ ತುಂಬಿರಬೇಕು, ಮೊಗ್ಗಿನ ಹಾಗೆ. ಸ್ತ್ರೀವಿಗ್ರಹದ ಕೈಯಲ್ಲಿ ಎಲುಬು ಕಾಣಬಾರದು, ನರ ಕಾಣಬಾರದು, ಹಳ್ಳವಂತೂ ಕೂಡದೇ ಕೂಡದು. ಅಂಗದಲ್ಲಿ ಕೊರತೆಯಿರುವ ವಿಗ್ರಹ ಮಾಡಿದವನಿಗೂ ಕೇಡು, ಇಟ್ಟುಕೊಂಡವನಿಗೂ ಕೇಡು. ಮೂರನ್ನೂ ಕೆಂಪು ಸೀಸದ ಕಡ್ಡಿಯಲ್ಲಿ ತಿದ್ದಿ ಕಳಿಸಿದ್ದೇನೆ. ನಿನ್ನ ಮೇಡಂಗೆ ತೋರಿಸು.

ಚಳಿ ಅಂದೆ. ಎಳ್ಳೆಣ್ಣೆ ಬಿಸಿ ಮಾಡಿ ಕೈಗೆ ಹಚ್ಚಿಕೋ. ಎರಡೂ ಕೈ ಮರಗಟ್ಟುತ್ತವೆಯೋ, ಬಲಗೈ ಒಂದೆಯೋ? ಮಾತು ತೊದಲುವುದಿಲ್ಲ ತಾನೆ? ನೀರು ಕುಡಿಯುವಾಗ ನೆತ್ತಿಗೇರುತ್ತದೆಯೆ? ಸುಮ್ಮನೆ ಕೇಳಿದೆ.

ಇಲ್ಲಿ ಎಲ್ಲ ಕ್ಷೇಮ. ತರುಣ್ ಒಂದು ದ್ವಾರಪಾಲಕನನ್ನು ಒಬ್ಬನೇ ಮುಗಿಸಿದ್ದಾನೆ.

ಜಯರಾಮ

*

ಕಿಲ್ಕೆನ್ನಿ
9 ನವೆಂಬರ್ 2024

ಅಣ್ಣಾ,

ನಿನ್ನ ಕೆಂಪು ಗೆರೆ ಇಲ್ಲಿ ದೊಡ್ಡ ಗಲಾಟೆ ಎಬ್ಬಿಸಿತು. ನಾನು ಗತ್ತಿನಿಂದ ಮೂರನ್ನೂ ಮೇಜಿನ ಮೇಲೆ ಹರಡಿ, "ನಮ್ಮಣ್ಣ, ನಾಲ್ಕು ತಲೆಮಾರಿನ ಶಿಲ್ಪಿ, ನಿಮ್ಮ ಹೋಂವರ್ಕ್ ತಿದ್ದಿ ಕಳಿಸಿದ್ದಾನೆ," ಅಂದೆ. ಎಲ್ಲರೂ ಮುಗಿಬಿದ್ದರು. ಅಬ್ಬಬ್ಬ ಅದೇನು ಗೆರೆ, ಒಂದು ಉಸಿರಿನಲ್ಲಿ ಎಳೆದ ಹಾಗಿದೆ ಅಂತ ಹೊಗಳಿದ್ದೇ ಹೊಗಳಿದ್ದು. ನಾನು ನಿನ್ನ ಪರವಾಗಿ ತಲೆಯಾಡಿಸಿದೆ.

ಆದರೆ ನೂಲಾ ಒಪ್ಪಲಿಲ್ಲ. "ಇದು ಸುಂದರವಾಗಿದೆ. ಆದರೆ ಇದು ಕ್ಯಾಟ್‌ಳ ಕೈ ಅಲ್ಲ," ಅಂದಳು.

"ಮತ್ತೆ ಯಾರದ್ದು?"

"ದೇವತೆಯದ್ದು."

"ನನಗೇನು ಕಡಿಮೆ?" ಅಂದೆ. ಎಲ್ಲ ನಕ್ಕರು. ಅವಳೂ ನಕ್ಕು, ಆಮೇಲೆ ಪಾಠದವಳ ಮುಖ ಹಾಕಿಕೊಂಡು ಹೇಳಿದಳು: ನಿಮ್ಮಣ್ಣ ದೇಹ ಹೇಗಿರಬೇಕು ಅಂತ ಬರೆದಿದ್ದಾರೆ, ನಾವು ಎದುರಿಗೆ ಹೇಗಿದೆ ಅಂತ ಬರೆಯಲು ಕಲಿಯುತ್ತಿದ್ದೇವೆ.

ನಾನು ಬಿಡುತ್ತೇನೆಯೆ? ನಿಮ್ಮ ಇಟಲಿಯವರೂ ಕಂಡದ್ದನ್ನೇ ಬರೆದಿಲ್ಲ ಅಂತ ಹಿಡಿದೆ. ಅವಳೇ ಹಿಂದಿನ ವಾರ ತೋರಿಸಿದ್ದಳು, ಅಮೃತಶಿಲೆಯ ಹೆಂಗಸು ಒಬ್ಬಳು ಒರಗಿಕೊಂಡು ಮಲಗಿದ್ದಾಳೆ. ತೋಳು ನೋಡಿದರೆ ಗೋಣಿಚೀಲ ಹೊರುವವನ ತೋಳು, ಹೊಟ್ಟೆ ಗರಡಿಯವನದ್ದು. ಎದೆಗೆ ಮಾತ್ರ ಎರಡು ಕಿತ್ತಳೆ ತಂದು ಅಂಟಿಸಿದ ಹಾಗಿದೆ. ಗಂಡಸರನ್ನು ಕೂರಿಸಿಕೊಂಡು ಹೆಂಗಸನ್ನು ಮಾಡುತ್ತಿದ್ದರಂತೆ! "ಒಬ್ಬ ಚಪಾತಿ ಲಟ್ಟಿಸುವವಳನ್ನು ಕರೆದು ನೋಡಿದ್ದರೆ ತೋಳು ಹೇಗಿರುತ್ತದೆ ಅಂತ ಗೊತ್ತಾಗುತ್ತಿತ್ತು," ಅಂದೆ. ಅವತ್ತಿನ ಪಾಠವನ್ನು ನಾನೇ ಮುಗಿಸಿದೆ ಅಂದುಕೋ.

ಮಾತು ತೊದಲುತ್ತದೆಯೇ ಅಂತ ಕೇಳಿದ್ದೀಯ. ಯಾರನ್ನು ಕೇಳುತ್ತಿದ್ದೀಯ? ಅಪ್ಪನ ಮೌನವ್ರತದಲ್ಲಿ ಒಂದು ಪಾಲೂ ನನಗೆ ಬರಲಿಲ್ಲ ಅಂತ ನೀನೇ ಬೈಯುತ್ತಿದ್ದೆ. ಅಪ್ಪ ಎರಡು ವರ್ಷ ಬಾಯಿ ಬಿಡದೆ ಕೂತಿದ್ದರು, ಊರವರು ಬಂದು ಕಾಲಿಗೆ ಬೀಳುತ್ತಿದ್ದರು. ನಾನು ಬಾಯಿ ಮುಚ್ಚಿದರೆ ಗಿರಾಕಿಗಳು ಆಂಬುಲೆನ್ಸ್ ಕರೆಯುತ್ತಾರೆ. ನೀರು ನೆತ್ತಿಗೇರುವುದಿಲ್ಲ. ಮರಗಟ್ಟುವುದು ಬಲಗೈ ಒಂದೇ. ಎಣ್ಣೆ ಹಚ್ಚುತ್ತಿದ್ದೇನೆ. ಮೊನ್ನೆ ಸಾರಿನ ಪಾತ್ರೆ ಕೈ ಜಾರಿ ನೆಲವೆಲ್ಲ ಆಯಿತು. ಎಣ್ಣೆ ಹಚ್ಚಿದ ಕೈಯಲ್ಲಿ ಪಾತ್ರೆ ಹಿಡಿದರೆ ಇನ್ನೇನಾಗುತ್ತದೆ? ತಪ್ಪು ನಿನ್ನದೇ.

ತನ್ವಿಗೆ ಜೂನಿನಲ್ಲಿ ಇಲ್ಲಿಯ ಕೊನೆಯ ಪರೀಕ್ಷೆ, ನಮ್ಮ ಪಿಯುಸಿ ಇದ್ದ ಹಾಗೆ. ಡಾಕ್ಟರಾಗುತ್ತಾಳಂತೆ. ಕನ್ನಡದಲ್ಲಿ ಬೈದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಐರಿಷ್ ರಾಗದ ಇಂಗ್ಲಿಷಿನಲ್ಲಿ. ಬರೆಯಲು ಬರುವುದು ಅವಳ ಹೆಸರೊಂದೇ, ಎರಡಕ್ಷರ. ಇನ್ನೂ ಎರಡು ಚಿತ್ರ ಇಟ್ಟಿದ್ದೇನೆ.

ಕಾತ್ಯಾಯಿನಿ

*

ಶಿವಾರಪಟ್ಟಣ
11 ಡಿಸೆಂಬರ್ 2024

ಕಾತ್ಯಾಯಿನಿಗೆ,

ಚಿತ್ರ ನೋಡಿದೆ. ತಿದ್ದಿಲ್ಲ. ಇನ್ನು ಮುಂದೆ ಕಳಿಸಬೇಡ. ಆ ತರಗತಿಗೆ ಹೋಗುವುದನ್ನೂ ನಿಲ್ಲಿಸು. ನಮ್ಮ ಮನೆಯ ಹೆಣ್ಣುಮಗಳು ಹಾಗೆ ಕೂರುವುದು ನನಗೆ ಸರಿಕಾಣಲಿಲ್ಲ.

ಗುಡಿಯ ಕೆಲಸ ಬಹಳ ಇದೆ. ಕೈಯನ್ನು ಡಾಕ್ಟರಿಗೆ ಒಮ್ಮೆ ತೋರಿಸು. ವಿಶೇಷ ಏನೂ ಇಲ್ಲ, ವಯಸ್ಸಾಯಿತಲ್ಲ ಅಂತ.

ಜಯರಾಮ

*

ಕಿಲ್ಕೆನ್ನಿ
11 ಜನವರಿ 2025

ಅಣ್ಣಾ,

ನಾಲ್ಕು ಸಾಲಿನ ನಿನ್ನ ಕಾಗದ ಓದಿ ಒಂದು ವಾರ ಉರಿದೆ. ಮೊದಲು ಅದನ್ನು ತೀರಿಸುತ್ತೇನೆ. ಆರು ಮೀಟರು ಸೀರೆ, ತುಂಬುತೋಳಿನ ರವಿಕೆ, ಮೇಲೊಂದು ಸ್ವೆಟರು ಹಾಕಿ ಕೂತವಳನ್ನು ಕಂಡು ನಿನಗೆ ಮರ್ಯಾದೆ ಹೋಯಿತೆ? ನೀನು ಜೀವಮಾನವಿಡೀ ಕೆತ್ತಿದ ಹೆಂಗಸರ ಮೈಮೇಲೆ ಬಟ್ಟೆ ಎಷ್ಟಿದೆ ಅಂತ ಒಮ್ಮೆ ಎಣಿಸು. ಕಲ್ಲಿನವಳಾದರೆ ಶಿಲ್ಪ, ತಂಗಿಯಾದರೆ ಅವಮಾನ. ಚೆನ್ನಾಗಿದೆ ನಿನ್ನ ತಾಳಮಾನ.

ಬರೆದಾಯಿತು. ಈಗ ಬೇರೆ ವಿಷಯ.

ಕ್ರಿಸ್‌ಮಸ್‌ಗೆ ಮೊದಲಿನ ಗುರುವಾರ ನೂಲಾ ಪರದೆಯ ಮೇಲೆ ಒಂದು ಹಳೆಯ ಮುಖಚಿತ್ರ ತೋರಿಸಿದಳು. ಒಬ್ಬಳು ಶ್ರೀಮಂತ ಹೆಂಗಸು, ಕತ್ತಿನಲ್ಲಿ ಮುತ್ತು. ಕತ್ತಿನ ಬುಡದಲ್ಲಿ ಸಣ್ಣ ಊತ. ಐನೂರು ವರ್ಷ ಯಾರೂ ಅದನ್ನು ಗಮನಿಸಲಿಲ್ಲ, ಈಗ ಡಾಕ್ಟರುಗಳು ನೋಡಿ ಇದು ಇಂಥ ಕಾಯಿಲೆ ಅನ್ನುತ್ತಾರಂತೆ. "ಚಿತ್ರಗಾರನಿಗೆ ಕಾಯಿಲೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಅವನು ಕಂಡದ್ದನ್ನು ಬಿಡದೆ ಬರೆದ, ಅಷ್ಟೇ," ಅಂದಳು ನೂಲಾ. ಎಲ್ಲರೂ ಪರದೆ ನೋಡುತ್ತಿದ್ದರು. ನಾನು ನನ್ನ ತೊಡೆಯ ಮೇಲಿದ್ದ ಕೈ ನೋಡಿದೆ.

ಮನೆಗೆ ಬಂದು ಎಲ್ಲ ಜೆರಾಕ್ಸ್‌ಗಳನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಹರಡಿದೆ. ಒಂದೊಂದರ ಪಕ್ಕದಲ್ಲೂ ಕೈಯಿಟ್ಟು ನೋಡಿದೆ. ನೀನು ತಿದ್ದಿದ ಮೂರರ ಪಕ್ಕದಲ್ಲೂ ಇಟ್ಟೆ. ಅಣ್ಣಾ, ಆ ಜನ ಕಾಪಿ ಹೊಡೆದಿರಲಿಲ್ಲ. ಹಳ್ಳ ನನ್ನ ಕೈಯಲ್ಲೇ ಇದೆ. ಸೆಪ್ಟೆಂಬರಿನ ಚಿತ್ರಕ್ಕಿಂತ ನವೆಂಬರಿನದ್ದರಲ್ಲಿ ಆಳ, ನವೆಂಬರಿನದ್ದಕ್ಕಿಂತ ಈಗ ಕೈಯಲ್ಲಿ ಆಳ. ಎಡಗೈಯಲ್ಲಿ ಇಲ್ಲ. ಒಂದು ಕೈಗೆ ಇನ್ನೊಂದನ್ನು ತಾಳೆ ನೋಡಲು ನಾಲ್ಕು ತಿಂಗಳು ಬೇಕಾಯಿತು ನನಗೆ. ದಿನಾ ನಲವತ್ತೆರಡು ಡಬ್ಬಿ ಎಣಿಸುವವಳು ನಾನು.

ಇಲ್ಲಿಯ ಡಾಕ್ಟರು ಕಾಗದ ಒತ್ತಿ ಹಿಡಿ ಅಂದರು, ಅವರೊಂದು ತುದಿ ಎಳೆದರು. ಎಡಗೈ ಬಿಡಲಿಲ್ಲ. ಬಲಗೈಯಿಂದ ಕಾಗದ ನುಣ್ಣಗೆ ಜಾರಿಹೋಯಿತು. ಅವರು ನಗುನಗುತ್ತಾ ಮಾತಾಡುತ್ತಿದ್ದವರು ನಗು ನಿಲ್ಲಿಸಿ ಟೈಪ್ ಮಾಡತೊಡಗಿದರು. ಡಬ್ಲಿನ್ನಿನ ನರದ ತಜ್ಞರಿಗೆ ಬೇಗ ನೋಡಿ ಅಂತ ಬರೆದಿದ್ದಾರೆ. ಕತ್ತಿನ ನರ ಒತ್ತಿಕೊಂಡಿರಬಹುದು ಅಂದರು. ಇರಬಹುದು.

ತನ್ವಿಗೆ ಕತ್ತು ನೋವು ಅಂತ ಹೇಳಿದ್ದೇನೆ.

ಕಾತ್ಯಾಯಿನಿ

*

ಕಿಲ್ಕೆನ್ನಿ
8 ಮಾರ್ಚ್ 2025

ಅಣ್ಣಾ,

ಜನವರಿಯ ಪತ್ರಕ್ಕೆ ನೀನು ಉತ್ತರ ಬರೆದಿಲ್ಲ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಒಂದನೇ ಕ್ಲಾಸಿನವರ ಹಾಗಿದೆ. ಈ ಒಂದು ಪುಟಕ್ಕೆ ಮೂರು ದಿನ ಬೇಕಾಯಿತು, ಅದಕ್ಕೆ ಹೆಚ್ಚು ಮಾತಿಲ್ಲ. ಸಂತೋಷಪಡು.

ಕತ್ತಿನ ನರ ಅಲ್ಲ. ಸೂಜಿ ಚುಚ್ಚಿ, ಕರೆಂಟು ಕೊಟ್ಟು, ಇಬ್ಬರು ಡಾಕ್ಟರು ನೋಡಿದರು. ಮೋಟಾರ್ ನ್ಯೂರಾನ್ ಕಾಯಿಲೆ ಅಂತ ಹೆಸರು. ಮಿದುಳಿನ ಮಾತು ಮಾಂಸಖಂಡಕ್ಕೆ ತಲುಪುವುದು ನಿಲ್ಲುತ್ತಾ ಹೋಗುತ್ತದಂತೆ. ಮೊದಲು ಕೈ. ಆಮೇಲೆ ಇನ್ನೊಂದು ಕೈ, ಕಾಲು. ನಾಲಿಗೆ. ಗಂಟಲು. ಉಸಿರು ಕೊನೆಗೆ. ಒಂದು ಮಾತ್ರೆ ಇದೆ, ಅದು ನಿಲ್ಲಿಸುವುದಿಲ್ಲ, ತಡ ಮಾಡುತ್ತದೆ. ಎಷ್ಟು ತಡ ಅಂದೆ. "ತಿಂಗಳುಗಳು," ಅಂದರು ಆ ಡಾಕ್ಟರಮ್ಮ. ಒಳ್ಳೆಯವಳು. ಸುಳ್ಳು ಹೇಳಲಿಲ್ಲ.

ತನ್ವಿ ನನ್ನ ಪಕ್ಕದಲ್ಲೇ ಕೂತಿದ್ದಳು. ಬರಬೇಡ ಅಂದರೂ ಬಂದಳು, ನೋಟ್ಸ್ ಮಾಡಿಕೊಳ್ಳಲು ಪುಸ್ತಕ ತಂದಿದ್ದಳು. ಡಾಕ್ಟರಮ್ಮ ಕೇಳಿದಳು, ನಿಮ್ಮ ಮನೆತನದಲ್ಲಿ ಯಾರಿಗಾದರೂ ಇತ್ತೆ ಅಂತ. "ಹತ್ತರಲ್ಲಿ ಒಬ್ಬರಿಗೆ ವಂಶದಿಂದ ಬರುತ್ತದೆ. ಹಾಗಿದ್ದರೆ ಮಕ್ಕಳಿಗೆ ಬರುವುದು ಅರ್ಧಕ್ಕರ್ಧ." ತನ್ವಿಯ ಪೆನ್ನು ನಿಂತಿತು.

"ಇಲ್ಲವೇ ಇಲ್ಲ," ಅಂದೆ ನಾನು. "ನಮ್ಮಪ್ಪ ಶಿಲ್ಪಿ. ಕಬ್ಬಿಣದಂಥ ಕೈ."

"ಹೇಗೆ ತೀರಿಕೊಂಡರು?"

"ಮೌನವ್ರತದಲ್ಲಿದ್ದರು. ಆಮೇಲೆ ಊಟ ಬಿಟ್ಟು ದೇಹ ಬಿಟ್ಟರು."

ಡಾಕ್ಟರಮ್ಮ ತಲೆಯೆತ್ತಿ ನೋಡಿ, ಬಹಳ ಮೆಲ್ಲಗೆ ಕೇಳಿದಳು: "ಮಾತು ಬಿಡುವ ಮುಂಚೆ ಅವರ ಮಾತು ತೊದಲುತ್ತಿತ್ತೇ?"

ಇಲ್ಲ ಅಂದೆ. ಆಗ ನಾನು ಮನೆಯಲ್ಲೇ ಇರಲಿಲ್ಲವಲ್ಲ, ತುಮಕೂರಿನಲ್ಲಿ ಚನ್ನಮ್ಮತ್ತೆಯ ಮನೆಯಿಂದ ಶಾಲೆಗೆ ಹೋಗುತ್ತಿದ್ದೆ. ಆದರೂ ಇಲ್ಲ ಅಂದೆ. ತನ್ವಿ ಉಸಿರು ಬಿಟ್ಟಳು. ನನಗೆ ಕೇಳಿಸಿತು.

ಮನೆಗೆ ಬರುವ ರೈಲಿನಲ್ಲಿ ಕೂತು ನೆನಪಾಯಿತು. ಇದೇ ಪ್ರಶ್ನೆಯನ್ನು ನೀನು ಅಕ್ಟೋಬರಿನಲ್ಲಿ ಕೇಳಿದ್ದೆ. ನೀರು ನೆತ್ತಿಗೇರುತ್ತದೆಯೇ ಅಂತಲೂ ಕೇಳಿದ್ದೆ; ಅದನ್ನೂ ಡಾಕ್ಟರಮ್ಮ ಕೇಳಿದಳು. ಕಲ್ಲು ಕೆತ್ತುವವನೊಬ್ಬ, ನರ ನೋಡುವವಳೊಬ್ಬಳು, ನಡುವೆ ಅರ್ಧ ಭೂಮಿ. ಇಬ್ಬರೂ ಅವೇ ಎರಡು ಪ್ರಶ್ನೆ ಕೇಳಿದರೆ ನಾನು ಕೂಡಿಸಿ ನೋಡದೆ ಬಿಡುವವಳಲ್ಲ.

ಸುಮ್ಮನೆ ಕೇಳಿದೆ ಅಂತ ಬರೆಯಬೇಡ. ನಿಜ ಬರಿ.

ಕಾ

*

ಶಿವಾರಪಟ್ಟಣ
29 ಮಾರ್ಚ್ 2025

ಕಾತ್ಯಾ,

ಪತ್ರವನ್ನು ಶೆಡ್ಡಿನಲ್ಲಿ ಓದಿದೆ. ನಿನ್ನ ಅತ್ತಿಗೆಗೂ ಹೇಳಿಲ್ಲ. ನಾನು ಬರೆಯುವುದರಲ್ಲಿ ನಿಧಾನ. ಒಂದೇ ಸಲ ಬರೆದುಬಿಡುತ್ತೇನೆ.

ಅಪ್ಪ ಮೌನವ್ರತ ಹಿಡಿದಿರಲಿಲ್ಲ. ಅವರಿಗೆ ಮಾತು ಹೋಗಿತ್ತು.

ಮೊದಲು ಹೋದದ್ದು ಕೈ. ನನಗೆ ಇಪ್ಪತ್ತೆರಡು. ಅಪ್ಪನ ಕೈಯಿಂದ ಉಳಿ ಜಾರುತ್ತಿತ್ತು. ಬೆವರು ಅಂದರು. ಆಮೇಲೆ ಮಣ್ಣು ಹಚ್ಚಿಕೊಂಡು ಹಿಡಿದರು. ಆಮೇಲೆ ಬಟ್ಟೆಯಲ್ಲಿ ಉಳಿಯನ್ನು ಕೈಗೆ ಕಟ್ಟಿಸಿಕೊಂಡರು; ದಿನಾ ಬೆಳಗ್ಗೆ ಕಟ್ಟುತ್ತಿದ್ದವನು ನಾನು. ಹೆಬ್ಬೆರಳು ತೋರುಬೆರಳ ನಡುವೆ ನನ್ನ ಹೆಬ್ಬೆರಳು ಪೂರ್ತಿ ಕೂರುವಷ್ಟು ಹಳ್ಳ. ಅಜ್ಜನ ತಮ್ಮನಿಗೂ ಹೀಗೇ ಆಗಿತ್ತು ಅಂತ ಆಗ ಅಪ್ಪನೇ ಹೇಳಿದರು.

ಶಿಲ್ಪಿಯ ಕೈ ಒಣಗಿತು ಅಂದರೆ ಜನ ಏನನ್ನುತ್ತಾರೆ ನಿನಗೆ ಗೊತ್ತು. ವಿಗ್ರಹದ ಕಣ್ಣು ತೆರೆಯುವಾಗ ತಪ್ಪು ಮಾಡಿದ, ದೇವರು ಕೈ ಕಿತ್ತುಕೊಂಡ ಅನ್ನುತ್ತಾರೆ. ಅವರ ಕೈಯ ವಿಗ್ರಹ ನೂರಾರು ಗುಡಿಯಲ್ಲಿ ಪೂಜೆ ತೆಗೆದುಕೊಳ್ಳುತ್ತಿದ್ದವು. ನಿನ್ನ ಮದುವೆ ಬಾಕಿ ಇತ್ತು, ನನ್ನದೂ ಬಾಕಿ ಇತ್ತು. ಮಾತು ತೊದಲಲು ಶುರುವಾದ ವಾರ ಅಮ್ಮ ನಿನ್ನನ್ನು ತುಮಕೂರಿಗೆ ಕಳಿಸಿದಳು. ವ್ರತ ಅಂತ ಹೇಳೋಣ ಅಂದದ್ದೂ ಅಮ್ಮನೇ. ಜನ ನಂಬಿದರು. ಕಾಲಿಗೆ ಬಿದ್ದರು. ಅಪ್ಪ ಬೇಡ ಅನ್ನಲು ಆಗದೆ ಅವರನ್ನೇ ನೋಡುತ್ತಾ ಕೂತಿರುತ್ತಿದ್ದರು. ಊಟ ಬಿಡಲಿಲ್ಲ ಕಾತ್ಯಾ. ನುಂಗಲು ಆಗುತ್ತಿರಲಿಲ್ಲ. ಕೊನೆಯ ವರ್ಷದಲ್ಲಿ ಅಪ್ಪನ ಹೆಸರಿನಲ್ಲಿ ಹೋದ ಏಳು ವಿಗ್ರಹ ನಾನು ಕೆತ್ತಿದ್ದು.

ಸೆಪ್ಟೆಂಬರಿನಲ್ಲಿ ನೀನು ಕಳಿಸಿದ ಲಕೋಟೆ ತೆರೆದೆ. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಜನ ಅಪ್ಪನ ಕೈ ಬರೆದು ಕಳಿಸಿದ್ದರು. ನೋಡಿದ ತಕ್ಷಣ ಗೊತ್ತಾಯಿತು. ಕೆಂಪು ಸೀಸ ತೆಗೆದುಕೊಂಡು ಹಳ್ಳ ತುಂಬಿದೆ. ಶಾಸ್ತ್ರಕ್ಕಾಗಿ ತುಂಬಲಿಲ್ಲ. ಅದು ಹಾಗೆ ಇರುವುದನ್ನು ನೋಡಲಾಗದೆ ತುಂಬಿದೆ. ಮೂರರಲ್ಲೂ ತುಂಬಿದೆ. ಎರಡನೆಯ ಸಲ ಕಳಿಸಿದಾಗ ತುಂಬಲೂ ಕೈ ಬರಲಿಲ್ಲ. ನಿನ್ನ ಸೀರೆ ಸೆರಗಿನ ಮಾತೆಲ್ಲ ನೆಪ. ನಿನಗೆ ಅವಮಾನ ಮಾಡಿದೆ. ಅದೊಂದು ಬಿಟ್ಟು ಬೇರೆ ದಾರಿ ಹೊಳೆಯಲಿಲ್ಲ.

ಮೊದಲೇ ಹೇಳಿದ್ದರೆ ಏನಾದರೂ ಆಗುತ್ತಿತ್ತೇ ಅಂತ ನೀನು ಕೇಳುತ್ತೀಯ. ನನಗೆ ಗೊತ್ತಿಲ್ಲ. ಅಪ್ಪನಿಗೆ ಏನೂ ಆಗಲಿಲ್ಲ. ಬೆಂಗಳೂರಿಗೂ ಕರೆದುಕೊಂಡು ಹೋಗಿದ್ದೆ.

ನನಗೆ ಅರವತ್ತಾಯಿತು, ಕೈ ನೆಟ್ಟಗಿದೆ. ದಿನಾ ಬೆಳಗ್ಗೆ ನೋಡಿಕೊಳ್ಳುತ್ತೇನೆ. ತರುಣ್ ಕೆಲಸ ಮಾಡುವಾಗ ಅವನಿಗೆ ತಿಳಿಯದ ಹಾಗೆ ಅವನ ಕೈಯನ್ನೂ ನೋಡುತ್ತೇನೆ. ಅವನಿಗೆ ಹೇಳಿಲ್ಲ. ಅವನಿಗೊಂದು ಹುಡುಗಿ ನೋಡಿದ್ದೇವೆ.

ಈಗ ತನ್ವಿ ಇದ್ದಾಳೆ. ನಿನ್ನ ಡಾಕ್ಟರು ಅರ್ಧಕ್ಕರ್ಧ ಅಂದದ್ದನ್ನು ಓದಿದ ಮೇಲೆ ನನಗೆ ತನ್ವಿ ಬಿಟ್ಟು ಬೇರೆ ಯೋಚನೆಯಿಲ್ಲ. ಅವಳಿಗೆ ಹೇಳಬೇಕೋ ಬೇಡವೋ ನನಗೆ ತಿಳಿಯದು. ಹೇಳದೆ ಮೂವತ್ತೆಂಟು ವರ್ಷ ಬದುಕಿದವನನ್ನು ಕೇಳಬೇಡ. ನೀನು ಇಲ್ಲದ ದಿನ ಬಂದರೆ ತನ್ವಿ ನನ್ನ ಮಗಳು. ಇಷ್ಟು ಮಾತ್ರ ನಾನು ಹೇಳಬಲ್ಲೆ.

ಪಾಸ್‌ಪೋರ್ಟಿಗೆ ಕೊಟ್ಟಿದ್ದೇನೆ. ಬೆರಳಚ್ಚು ತೆಗೆಯಲು ಹೋದೆ, ಯಂತ್ರಕ್ಕೆ ನನ್ನ ಬೆರಳಿನಲ್ಲಿ ಗೆರೆ ಸಿಗಲಿಲ್ಲ. ಕಲ್ಲು ತೇಯ್ದುಬಿಟ್ಟಿದೆ. ಮತ್ತೆ ಬನ್ನಿ ಅಂದಿದ್ದಾರೆ.

ಜಯರಾಮ

*

ಕಿಲ್ಕೆನ್ನಿ
26 ಏಪ್ರಿಲ್ 2025

ಅಣ್ಣಾ,

ನಿನ್ನ ಪತ್ರ ಒಂಬತ್ತು ದಿನದ ಹಿಂದೆ ಬಂತು. ಬೈಯಲು ಕೂತೆ, ಎಡಗೈಯಲ್ಲಿ ಬೈಗುಳ ಬರೆಯುವಷ್ಟರಲ್ಲಿ ಸಿಟ್ಟು ಮುಗಿದುಹೋಗುತ್ತದೆ. ಬಿಟ್ಟೆ. ಮೂರು ಸಾಲು ಬರೆದು ಕೈ ಸೋಲುತ್ತದೆ. ಡಬ್ಬಿ ನಿಲ್ಲಿಸಿದ್ದೇನೆ. ಕೊನೆಯ ದಿನ ಶ್ರೀನಿಧಿ ಅಂತ ಮೈಸೂರಿನ ಗಿರಾಕಿ, "ಆಂಟಿ, ಕೈ ವಾಸಿಯಾದ ಮೇಲೆ ಹೇಳಿ, ನಾನೇ ಫಸ್ಟು," ಅಂದ. ಆಯ್ತಪ್ಪ ಅಂದೆ.

ಪತ್ರ ಬಂದ ದಿನ ನಾನು ಓದುತ್ತಿದ್ದೆ. ತನ್ವಿ ಹಿಂದಿನಿಂದ ಬಂದು ಭುಜದ ಮೇಲೆ ಗದ್ದ ಊರಿದಳು. ಬಚ್ಚಿಡಲು ಹೊತ್ತಾಗಲಿಲ್ಲ. ಅವಳಿಗೆ ಓದಲು ಬರುವುದಿಲ್ಲ ಅಂತ ಧೈರ್ಯವಾಗಿದ್ದೆ.

"ಅದು ನಾನು," ಅಂದಳು, ಬೆರಳಿಟ್ಟು. ಎರಡಕ್ಷರ ಕಲಿಸಿದ್ದೆನಲ್ಲ. "ಇಲ್ಲೂ ನಾನು. ಇಲ್ಲೂ. ಮೂರು ಸಲ. ಮಾಮ ನನ್ನ ಬಗ್ಗೆ ಏನ್ ಬರೆದಿದಾರೆ?"

"ಪರೀಕ್ಷೆ ಚೆನ್ನಾಗಿ ಮಾಡಲಿ ಅಂತ."

"ಮೂರು ಸಲಾನಾ?"

"ಹಳ್ಳಿಯವನು. ಮೂರು ಸಲ ಹೇಳಿದರೇ ಅವನಿಗೆ ಸಮಾಧಾನ."

ನಕ್ಕಳು. ನಾನು ಎಷ್ಟು ಸಲೀಸಾಗಿ ಹೇಳಿದೆ ನೋಡು. ನಮ್ಮಮ್ಮ ತುಮಕೂರಿನ ಬಸ್ಸು ಹತ್ತಿಸುವಾಗ ನನಗೆ ಹೇಳಿದ್ದೂ ಇಷ್ಟೇ ಸಲೀಸಾಗಿ. "ಅಲ್ಲಿ ಸ್ಕೂಲು ಚೆನ್ನಾಗಿದೆ ಕಣೇ." ನಿನ್ನ ಮೇಲೆ ಸಿಟ್ಟು ಅಂದೆನಲ್ಲ, ಆ ಒಂದು ನಿಮಿಷದಲ್ಲಿ ಅದು ತೀರಿತು. ನಿನ್ನ ಪಕ್ಕದಲ್ಲೇ ಬಂದು ಕೂತಿದ್ದೇನೆ.

ಆಮೇಲೆ ಅವಳು ಫೋನು ಹಿಡಿದು ಪತ್ರದ ಫೋಟೊ ತೆಗೆದಳು. ಈಗಿನ ಫೋನು ಕನ್ನಡ ಓದಿ ಇಂಗ್ಲಿಷು ಮಾಡುತ್ತದಲ್ಲ. ನಿನ್ನ ಮೋಡಿ ಅಕ್ಷರಕ್ಕೆ ಅದೂ ತಿಣುಕಿತು. ಅಪ್ಪ, ಕೈ, ಮಾತು, ಮತ್ತೆ ಏಳು ಅನ್ನುವ ಸಂಖ್ಯೆ. ಅಷ್ಟೇ ಕೊಟ್ಟಿತು. ಅವಳು ಆ ನಾಲ್ಕನ್ನು ಬಹಳ ಹೊತ್ತು ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಕಾಫಿ ಕುಡಿಸುವಾಗ, "ಶ್ರೀನಿಧಿ ಅಂಕಲ್‌ಗೆ ಕನ್ನಡ ಓದಕ್ಕೆ ಬರತ್ತಲ್ವಾ?" ಅಂದಳು. ಬರುವುದಿಲ್ಲ ಅಂದೆ. ಮೈಸೂರಿನವನಿಗೆ ಕನ್ನಡ ಓದಲು ಬರುವುದಿಲ್ಲ ಅಂತ ಹೇಳಿದೆ ಅಣ್ಣಾ, ನಾಚಿಕೆಯಿಲ್ಲದೆ.

ಅವತ್ತು ಅವಳು ಶಾಲೆಗೆ ಹೋದ ಮೇಲೆ ನಿನ್ನ ಪತ್ರ ಹರಿಯಲು ಕೂತೆ. ಕಾಗದ ಹರಿಯಲು ಎರಡು ಹೆಬ್ಬೆರಳು ಬೇಕು. ಹಲ್ಲಿನಲ್ಲಿ ಕಚ್ಚಿ ಎಡಗೈಯಲ್ಲಿ ಎಳೆದೆ, ಒಂದು ಮೂಲೆ ಬಂತು. ಆ ಮೂಲೆಯಲ್ಲಿ ಬರೆದದ್ದು ಏನೂ ಇರಲಿಲ್ಲ. ಬೆಂಕಿ ಹಚ್ಚೋಣವೆಂದರೆ ಇಲ್ಲಿಯದು ಕರೆಂಟಿನ ಒಲೆ, ಬೆಂಕಿಕಡ್ಡಿ ಗೀರಲು ನನಗಾಗದು. ಬಚ್ಚಿಡೋಣವೆಂದರೆ ಈ ಮನೆಯ ಪ್ರತಿ ಡ್ರಾಯರನ್ನೂ ಈಗ ಎಳೆಯುವವಳು ಅವಳೇ. ದಿಂಬಿನ ಕೆಳಗಿಟ್ಟೆ. ಸಂಜೆ ಅವಳು ಹಾಸಿಗೆ ಕೊಡವಿದಳು. ಪತ್ರ ತೆಗೆದು, ಹರಿದ ಮೂಲೆ ನೋಡಿ, ನೀಟಾಗಿ ಮಡಚಿ, ಆಸ್ಪತ್ರೆಯ ಕಾಗದಗಳ ಫೈಲಿನೊಳಗೆ ಇಟ್ಟಳು. "ಸೇಫ್ ಆಗಿರತ್ತೆ, ಅಮ್ಮಾ," ಅಂದಳು.

ಮೇ ಹನ್ನೆರಡಕ್ಕೆ ಮತ್ತೆ ಡಬ್ಲಿನ್. ಫೈಲು ಹಿಡಿದು ಬರುವವಳು ಅವಳು. ಡಾಕ್ಟರಮ್ಮ ಮನೆತನದ ಪ್ರಶ್ನೆಯನ್ನು ಮತ್ತೆ ಕೇಳಿಯೇ ಕೇಳುತ್ತಾಳೆ, ಅವತ್ತೇ ಅವಳಿಗೆ ನನ್ನ ಉತ್ತರದ ಮೇಲೆ ನಂಬಿಕೆ ಬಂದಿರಲಿಲ್ಲ. ಹೌದು ಅಂದರೆ, ಹದಿನೇಳು ವರ್ಷದ ಹುಡುಗಿ ಮೂರು ವಾರದಲ್ಲಿ ಪರೀಕ್ಷೆ ಬರೆಯಬೇಕು, ತನ್ನ ಕೈಯನ್ನೇ ನೋಡುತ್ತಾ ಬರೆಯಬೇಕು. ಇಲ್ಲ ಅಂದರೆ, ಆ ಹುಡುಗಿ ಒಂದು ದಿನ ಎಲ್ಲೋ ಕೂತು, ಚಳಿಗೆ ಬೆರಳು ಮರಗಟ್ಟಿದೆ ಅಂದುಕೊಳ್ಳುತ್ತಾಳೆ. ಎರಡನ್ನೂ ಎಷ್ಟು ಸಲ ತೂಗಿದರೂ ತಕ್ಕಡಿ ಎರಡು ಕಡೆಯೂ ಕೆಳಗೇ ಇಳಿಯುತ್ತದೆ. ಇಂಥ ತಕ್ಕಡಿ ನಾನು ನೋಡಿಲ್ಲ.

ಏನು ಹೇಳಲಿ ಅಂತ ನಿನ್ನನ್ನು ಕೇಳುತ್ತಿಲ್ಲ. ಹನ್ನೆರಡಕ್ಕೆ ಇನ್ನು ಹದಿನಾರು ದಿನ. ಈ ಕಾಗದ ನಿನಗೆ ಮುಟ್ಟಲು ಇಪ್ಪತ್ತು ಬೇಕು. ನೀನು ಇದನ್ನು ಓದುವ ಹೊತ್ತಿಗೆ ಎರಡರಲ್ಲಿ ಒಂದನ್ನು ನಾನು ಹೇಳಿ ಆಗಿರುತ್ತದೆ.

ತರುಣ್‌ಗೆ ಹೇಳು ಅಂತ ಬರೆಯಬೇಕೆಂದಿದ್ದೆ. ಯಾವ ಬಾಯಲ್ಲಿ ಬರೆಯಲಿ?

ತನ್ವಿ ಬರುವ ಹೊತ್ತಾಯಿತು. ಈ ಹಾಳೆಗಳನ್ನು ಮಡಚಿ, ಲಕೋಟೆಗೆ ಹಾಕಿ, ಅಂಟಿಸಿ, ನಿನ್ನ ವಿಳಾಸದ ಚೀಟಿ ಹಚ್ಚಬೇಕಾದವಳು ಅವಳೇ, ನನ್ನಿಂದಾಗದು. ಇದರಲ್ಲಿ ಅವಳ ಹೆಸರನ್ನು ಎಷ್ಟು ಸಲ ಬರೆದಿದ್ದೇನೋ ನಾನು ಎಣಿಸಿಲ್ಲ. ಅವಳು ಎಣಿಸುತ್ತಾಳೆ.

ಕಾ